ಪುಕಟ ವಕೀಲಬಾಯಿ

ಖಾನಾಪುರದ ಕೋರ್ಟಿನಾಗ ಬಡವರ ಕೇಸು ಪುಕಟ ನಡಸಾಕ ಸರಕಾರ ಕೊಟ್ಟ ವಕೀಲಬಾಯಿ ಆಕಿ. ಬೆಳಗಾವಿಯ ಅನಗೋಳದಿಂದ ಬಸ್ಸಿಗೆ ಬರ್ತಿದ್ಲು. ಹರಿದ ಚಪ್ಪಲಿಗೆ ಪಿನ್ನು ಹಾಕಿ ನಡೀತಿದ್ಲು. ನಾ ಹೇಳಿದ್ದೆಲ್ಲಾ ಬರಕೊಂಡು, ಹೊಳ್ಳಿ ಓದಿ, "ಬರೋಬ್ಬರಿ ಐತೇನ್ರಿ ಆಯಿ?" ಅಂತ ಕೇಳಾಕಿ. ನಾ ಹೂಂ ಅನ್ನೂತನಕ ಮುಂದ ಹೋಗ್ತಿರಲಿಲ್ಲ.

ಅಪ್ಪನ ಹೊಲದಾಗ ನನ್ನ ಪಾಲು ಕೊಡಾಕ ತಮ್ಮ ಒಲ್ಲೆ ಅಂದಿದ್ದ. ಅದ ಕೇಸು. ಬಾಜು ಮನಿಯಾಕಿ ನಕ್ಕಳು. "ಪುಕಟ ಬಂದಾಕಿ ಏನ್ ಗೆಲ್ಲಸ್ತಾಳ ಯಕ್ಕಾ? ಆಕಿ ಚಪ್ಪಲಿ ನೋಡೀಯೇನ?"

ನನಗೂ ಖರೇ ಅನಿಸ್ತು. ಬೆಳಗಾವಿ ಹಿಂದವಾಡಿಯ ಒಬ್ಬ ದೊಡ್ಡ ವಕೀಲನ ಕಡೆ ಹೋಗಿ ವಕಾಲತ್ತಿಗೆ ಸಹಿ ಮಾಡಿ ಬಂದೆ. ಆಕೀಗೆ ಹೇಳಲಿಲ್ಲ. ಬರಿಯಾಕ ನಾಚಿಕಿ ಬರತೈತಿ, ಆದ್ರ ಮಾಡಿದ್ದು ನಾನ.

ತಾರೀಖಿನ ದಿನ ನನ್ನ ಹೆಸರು ಕೂಗಿದ್ರು. ಇಬ್ಬರೂ ವಕೀಲರು ಎದ್ದು ನಿಂತ್ರು. "ನಿಮ್ಮ ವಕೀಲರು ಯಾರಮ್ಮಾ?" ಅಂತ ಜಡ್ಜ್ ಸಾಹೇಬ್ರು ಕೇಳಿದ್ರು. ನಾ ದೊಡ್ಡ ವಕೀಲನ ಕಡೆ ಬಟ್ಟು ತೋರಿಸಿದೆ. ಆಕಿ ಮಾರಿ ನಾ ನೋಡಲಿಲ್ಲ.

ಹೊರಗ ಬಂದಮ್ಯಾಲೆ ಬೈತಾಳ ಅಂತ ನಿಂತಿದ್ದೆ. ಬೈದಿದ್ರ ಚಲೋ ಇತ್ತು. ಆಕಿ ನನ್ನ ಕಾಗದಪತ್ರ ಎಲ್ಲಾ ಆ ವಕೀಲನ ಕೈಯಾಗ ಕೊಟ್ಟು ಹೇಳಿದ್ಲು:

"ಆಯೀಗೆ ಎಡಗಿವಿ ಕೇಳಂಗಿಲ್ರಿ. ಬಲಕ್ಕ ಕುಂತು ಮಾತಾಡ್ರಿ."

ನನ್ನ ಕಿವಿ ಸುದ್ದಿ ನಾ ಆಕೀಗೆ ಒಂದ ದಿನಾನೂ ಹೇಳಿರಲಿಲ್ಲ.