ದೋಣಿಗೆ ಇಳಿಸಿದ ರೊಟ್ಟಿ

ಆ ರೊಟ್ಟಿ ಸುಳ್ಳು. ಜರ್ಮನ್ ಸಬ್‌ಮರೀನಿನ ನಾವಿಕರು ತಾವೇ ಮುಳುಗಿಸಿದ ಹಡಗಿನವರ ದೋಣಿಗೆ ರೊಟ್ಟಿಯನ್ನೂ ನೀರಿನ ಡಬ್ಬಿಯನ್ನೂ ಇಳಿಸಿಕೊಟ್ಟರು ಎಂದು ನನ್ನ ಪುಸ್ತಕದಲ್ಲಿದೆಯಲ್ಲ — ಓದಿ ಕಣ್ಣೊರೆಸಿಕೊಂಡೆವು ಎಂದು ನಿಮ್ಮಲ್ಲಿ ಎಷ್ಟೋ ಜನ ನನಗೆ ಕಾಗದ ಬರೆದಿರಿ — ಅದು ನಡೆದೇ ಇಲ್ಲ. ನಡೆದದ್ದನ್ನು ತೆಗೆದುಹಾಕಿ ಆ ಜಾಗದಲ್ಲಿ ನಾನು ಇದನ್ನು ಕೂರಿಸಿದೆ. ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ನಾನು ವಿಜಾಪುರದ ಕಡೆಯವನು. ಪುಣೆಯ ಒಂದು ಕಾರ್ಖಾನೆಯಲ್ಲಿ ಜರ್ಮನ್ ಯಂತ್ರಗಳ ಕೈಪಿಡಿಗಳನ್ನು ಅನುವಾದಿಸುವುದು ನನ್ನ ಕೆಲಸ. ಆ ಪುಸ್ತಕದ ಕತೆ ಹೇಳಿದ ಜರ್ಮನ್, ಎರ್ವಿನ್, ಅದೇ ಕಾರ್ಖಾನೆಗೆ ಅರವತ್ತರ ದಶಕದಲ್ಲಿ ಯಂತ್ರ ಕೂರಿಸಲು ಬಂದು, ಇಲ್ಲಿಯವಳನ್ನೇ ಮದುವೆಯಾಗಿ, ಇಲ್ಲೇ ಉಳಿದುಬಿಟ್ಟವರು. ನನ್ನ ಪರಿಚಯವಾಗುವ ಹೊತ್ತಿಗೆ ಅವರ ಹೆಂಡತಿ ತೀರಿಕೊಂಡಿದ್ದರು. ಪುಣೆಯ ಅಂಚಿನ ಕೊಂಢವಾದಲ್ಲಿ ಎರಡು ಕೋಣೆಯ ಮನೆ; ಸುತ್ತಲೂ ಕಟ್ಟಡಗಳು ಏಳುತ್ತಿದ್ದವು. 1994ರ ಒಂದು ಭಾನುವಾರ ಚಹಾ ಕುಡಿಯುತ್ತ ಅವರಾಗಿಯೇ ಹೇಳಿದರು, ಜರ್ಮನ್ ಭಾಷೆಯಲ್ಲಿ: "ಯುದ್ಧದಲ್ಲಿ ನಾನು ಸಬ್‌ಮರೀನಿನ ಎಂಜಿನ್ ಕೋಣೆಯಲ್ಲಿದ್ದೆ. ಆಗ ಹತ್ತೊಂಬತ್ತು ವರ್ಷ. ನಾನು ಹೇಳುತ್ತೇನೆ, ನೀನು ಬರೆ. ನಿನ್ನ ಭಾಷೆಯಲ್ಲಿ ಬರೆ."

ಪ್ರತಿ ಭಾನುವಾರ ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋದೆ. ಒಂದು ಕಬ್ಬಿಣದ ಕೊಳವೆ, ಒಳಗೆ ಐವತ್ತು ಜನ. ಇಬ್ಬರಿಗೆ ಒಂದು ಮಂಚ — ಒಬ್ಬ ಎದ್ದು ಪಾಳಿಗೆ ಹೋದರೆ ಇನ್ನೊಬ್ಬ ಅವನ ಬೆವರಿನ ಮೇಲೆಯೇ ಮಲಗಬೇಕು. ಎರಡು ಪಾಯಖಾನೆಗಳಲ್ಲಿ ಒಂದರ ತುಂಬ ಆಹಾರದ ಡಬ್ಬಿಗಳು. ಅವು ಖಾಲಿಯಾಗುವ ತನಕ ಎಲ್ಲರಿಗೂ ಇನ್ನೊಂದೇ ಗತಿ, ಅದೂ ಆಳಕ್ಕಿಳಿದಾಗ ಬಳಸುವಂತಿಲ್ಲ. ವಾರಗಟ್ಟಲೆ ಸ್ನಾನವಿಲ್ಲ, ಊಟಕ್ಕೂ ಡೀಸೆಲ್ ವಾಸನೆ. ರೊಟ್ಟಿಯ ಮೇಲೆ ಬಿಳಿ ಬೂಷ್ಟು ತುಪ್ಪಳದಂತೆ ಬೆಳೆಯುತ್ತಿತ್ತು. ಅದನ್ನು 'ಮೊಲ' ಎಂದು ಕರೆದು, ಮೇಲಿನದನ್ನು ಕಿತ್ತೆಸೆದು ನಡುವಿನ ತಿರುಳಷ್ಟನ್ನೇ ತಿನ್ನುತ್ತಿದ್ದರು. ಶತ್ರುಹಡಗು ಮೇಲೆ ಬಂದು ಸಿಡಿಗುಂಡಿನ ಪೀಪಾಯಿಗಳನ್ನು ಬೀಳಿಸತೊಡಗಿದರೆ ಎಂಜಿನ್ ಬಂದ್, ಬೂಟು ಕಳಚಿ ಕಾಲುಚೀಲದಲ್ಲಿ ನಡೆಯಬೇಕು, ಕೆಮ್ಮು ಬಂದರೆ ತೋಳು ಕಚ್ಚಿಕೊಳ್ಳಬೇಕು. ಒಮ್ಮೆ ಹದಿನೆಂಟು ಗಂಟೆ ಹಾಗೆ ಬಿದ್ದುಕೊಂಡಿದ್ದರಂತೆ — ಮೂಗಿಗೆ ಕ್ಲಿಪ್ಪು, ಬಾಯಲ್ಲಿ ಕೆಟ್ಟ ಗಾಳಿ ಸೋಸುವ ಡಬ್ಬಿಯ ಕೊಳವೆ, ನೀರಿನ ಒತ್ತಡಕ್ಕೆ ಗೋಡೆ ನರಳುವ ಸದ್ದು. ಪಕ್ಕದವನು ಬದುಕಿದ್ದಾನೋ ಎಂದು ಆಗಾಗ ಅವನ ಪಾದ ಮುಟ್ಟಿ ನೋಡುತ್ತಿದ್ದರಂತೆ. ಇದೆಲ್ಲ ನಿಜ. ಇದನ್ನೆಲ್ಲ ಅವರು ಹೇಳಿದಂತೆಯೇ ಬರೆದೆ.

ಏಳನೆಯದೋ ಎಂಟನೆಯದೋ ಭಾನುವಾರ ಅವರು ಆ ಬೆಳಗಿನ ವಿಷಯ ತೆಗೆದರು. ಆಫ್ರಿಕಾದ ಕಡೆಯ ಸಮುದ್ರ. ಒಂದು ಸರಕುಹಡಗನ್ನು ಮುಳುಗಿಸಿ ಇವರು ಮೇಲಕ್ಕೆ ಬಂದಿದ್ದಾರೆ. ಹಡಗಿನ ಹೆಸರು ಕೇಳಲು ಕ್ಯಾಪ್ಟನ್ ಒಂದು ದೋಣಿಯನ್ನು ಹತ್ತಿರ ಕರೆದಿದ್ದಾನೆ. ನೀರಲ್ಲಿ ಜನ. ಬಾಯ್ಲರಿಗೆ ಕಲ್ಲಿದ್ದಲು ಹಾಕುವವರು, ಕಪ್ಪು ಮೈಯವರು — ನಮ್ಮ ದೇಶದವರು. ಗಾಳಿ ಕುಡಿಯಲು ಎರ್ವಿನ್ನರನ್ನೂ ಮೇಲೆ ಬಿಟ್ಟಿದ್ದರು, ಕೈಯಲ್ಲಿ ನಟ್ಟು ಬಿಗಿಯುವ ಕಬ್ಬಿಣದ ಪಾನಾ ಹಾಗೇ ಇತ್ತು. ಒಬ್ಬ ಈಜಿ ಬಂದು ಸಬ್‌ಮರೀನಿನ ಕಂಬಿ ಹಿಡಿದ. ಬಿಡಿಸು ಎಂದು ಆಜ್ಞೆಯಾಯಿತು.

"ಬೆರಳಿನ ಮೇಲೆ ಹೊಡೆದೆ," ಎಂದರು. "ಬಿಡಲಿಲ್ಲ. ಮತ್ತೆ ಹೊಡೆದೆ. ಅವನು ನನ್ನ ಮುಖ ನೋಡಿ 'ಭಾಯಿ, ಭಾಯಿ' ಅಂದ. ಅದು ಅವನ ಹೆಸರು ಅಂದುಕೊಂಡಿದ್ದೆ. ಪುಣೆಗೆ ಬಂದ ಮೊದಲ ವಾರ, ಮಾರುಕಟ್ಟೆಯಲ್ಲಿ ಒಬ್ಬ ತರಕಾರಿಯವನು ನನ್ನನ್ನೇ ಹಾಗೆ ಕರೆದ. ಆಗ ಅರ್ಥ ಕೇಳಿಕೊಂಡೆ."

ಟೇಪ್ ರೆಕಾರ್ಡರನ್ನು ನನ್ನ ಕಡೆ ಸರಿಸಿ ಹೇಳಿದರು: "ಉಳಿದದ್ದೆಲ್ಲ ಬಿಟ್ಟರೂ ಪರವಾಗಿಲ್ಲ. ಇದನ್ನು ಬರೆ."

ಅದನ್ನೇ ಬಿಟ್ಟೆ. ಬಿಡು ಎಂದು ಯಾರೂ ನನಗೆ ಹೇಳಿರಲಿಲ್ಲ. ಆ ಹೊತ್ತಿಗೆ ಬರಹ ವಾರಪತ್ರಿಕೆಯಲ್ಲಿ ಬರುತ್ತಿತ್ತು; ನಿಮಗೆ ಈ ಜರ್ಮನ್ ಅಜ್ಜ ಇಷ್ಟವಾಗಿದ್ದ, ಜೊತೆಗೆ ನಾನೂ. ಬಸ್ಸಿನಲ್ಲಿ ಜನ ಗುರುತು ಹಿಡಿದು ಮಾತಾಡಿಸುತ್ತಿದ್ದರು. ಅದು ಕೈತಪ್ಪುವುದು ನನಗೆ ಬೇಡವಾಗಿತ್ತು — ಅಷ್ಟೇ. ಪಾನಾ ತೆಗೆದು ರೊಟ್ಟಿ ಇಟ್ಟೆ. ಅಕ್ಷರ ಬಲ್ಲ ಹೇಡಿ ಏನೆಲ್ಲ ಮಾಡಬಲ್ಲ ನೋಡಿ.

1995ರಲ್ಲಿ ಪುಸ್ತಕ ಬಂದಾಗ ಅವರಿಗೆ ಒಂದು ಪ್ರತಿ ಕೊಟ್ಟೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

"ಆ ಕೈ ಎಲ್ಲಿದೆ? ಯಾವ ಸಾಲು?"

ಒಂದು ಪುಟ ತೆರೆದು ಕಣ್ಣಿಗೆ ಬಿದ್ದ ಒಂದು ಸಾಲು ತೋರಿಸಿದೆ. ಅದು ಪಾಯಖಾನೆಯ ವಿಷಯದ ಸಾಲು. ಅವರು ಕನ್ನಡಕ ಹಾಕಿಕೊಂಡು, ಆ ಅಕ್ಷರಗಳ ಮೇಲೆ ಬೆರಳಿಟ್ಟು, ತುಟಿ ಬಿಗಿಹಿಡಿದು ಕೂತರು. ಆಮೇಲೆ ನನ್ನ ಕೈ ಹಿಡಿದು ಧನ್ಯವಾದ ಹೇಳಿದರು. ಆ ಧನ್ಯವಾದವನ್ನೂ ತೆಗೆದುಕೊಂಡೆ!

ಪುಸ್ತಕ ಬಿಡುಗಡೆಯ ಸಭೆ ಮುಗಿದ ಮೇಲೆ ಒಬ್ಬ ಮುದುಕಿ ಮಗಳ ತೋಳು ಹಿಡಿದುಕೊಂಡು ನನ್ನ ಬಳಿಗೆ ಬಂದರು. ಸುಂದರಿಯಮ್ಮ. ಉಡುಪಿ ಕಡೆಯವರು, ಮಗಳು ವಸಂತಿ ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಹೋಟೆಲು ನಡೆಸುತ್ತಿದ್ದಳು. ಮುದುಕಿಯ ಹಣೆಯಲ್ಲಿ ದೊಡ್ಡ ಕುಂಕುಮ.

"ನಮ್ಮವರು ಬೊಂಬಾಯಿಂದ ಹಡಗು ಹತ್ತಿದ್ದು. ಕಲ್ಲಿದ್ದಲು ಹಾಕುವ ಕೆಲಸ," ಎಂದರು. "ಇವಳು ಆಗ ಹೊಟ್ಟೆಯಲ್ಲಿ. ಹಡಗು ಮುಳುಗಿತು ಅಂತ ಕಾಗದ ಬಂತು. ಸತ್ತರು ಅಂತ ಬರ್ಲಿಲ್ಲ. ಇಷ್ಟು ವರ್ಷ ಆಯ್ತಲ್ಲ, ಇನ್ನು ಶ್ರಾದ್ಧ ಮಾಡಿಸುವ ಅಂತ ಇವಳು. ನಾನೂ ಹೂಂ ಅಂದಿದ್ದೆ. ಆಗ ವಾರಪತ್ರಿಕೆಯಲ್ಲಿ ನೀವು ಬರೆದದ್ದನ್ನು ಓದಿ ಹೇಳಿದ್ಳು. ರೊಟ್ಟಿ ನೀರು ಕೊಟ್ಟದ್ದು ಹೌದಾ?"

ಒಂದು ಕ್ಷಣ ಇತ್ತು. ಸುಳ್ಳು ಅಮ್ಮಾ, ಕ್ಷಮಿಸಿ ಎನ್ನಬಹುದಾಗಿದ್ದ ಒಂದು ಕ್ಷಣ. ನನ್ನ ಕೊರಳಲ್ಲಿ ಹಾರವಿತ್ತು.

"ಹೌದ್ರಿ ಅಮ್ಮಾ. ಕೊಟ್ಟಾರ," ಎಂದೆ.

"ಹಾಗಾದ್ರೆ ಬದುಕಿರ್ಲಿಕ್ಕೂ ಸಾಕು. ಅವರ ಹತ್ತಿರ ಒಮ್ಮೆ ಕರ್ಕೊಂಡು ಹೋಗ್ತೀರಾ? ಕೇಳ್ಲಿಕ್ಕುಂಟು."

"ಅವರಿಗೆ ಭಾಳ ಆರಾಮಿಲ್ರಿ. ಯಾರನ್ನೂ ಭೆಟ್ಟಿ ಆಗಂಗಿಲ್ಲ."

ಅಂದು ಎರ್ವಿನ್ ಗಟ್ಟಿಮುಟ್ಟಾಗಿದ್ದರು. ಸಭೆಗೆ ಬರುತ್ತೇನೆಂದವರನ್ನು, ಎಲ್ಲ ಕನ್ನಡದಲ್ಲಿರುತ್ತದೆ, ನಿಮಗೆ ಬೇಸರ ಎಂದು ನಾನೇ ತಡೆದಿದ್ದೆ.

ಶ್ರಾದ್ಧ ಆಗಲಿಲ್ಲ. 1998ರಲ್ಲಿ ಎರ್ವಿನ್ ತೀರಿಕೊಂಡರು. ಆ ಕೈಯ ಕತೆಯನ್ನು ಒಂದಿಡೀ ಭಾಷೆಯ ಜನ ಓದಿದ್ದಾರೆ ಎಂದು ನಂಬಿಕೊಂಡೇ ಹೋದರು. 2004ರಲ್ಲಿ ಸುಂದರಿಯಮ್ಮನೂ ಹೋದರು. ಸುದ್ದಿ ತಿಳಿದು ಮಾತಾಡಿಸಲು ಹೋದಾಗ ವಸಂತಿ ನನ್ನನ್ನು ಕೂರಿಸಿ ಕಾಫಿ ಕೊಟ್ಟಳು. ಆ ಒಂಬತ್ತು ವರ್ಷ ಅಮ್ಮ ದಿನಾ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಅಂಚೆಯವನು ಬಂದರೆ ಮರಾಠಿಯಲ್ಲಿ 'ಪತ್ರ ಆಹೆ ಕಾ', ಕಾಗದ ಇದೆಯಾ, ಎಂದು ಕೇಳುತ್ತಿದ್ದರು ಎಂದಳು. ಆ ವಾಕ್ಯವನ್ನು ಇದಕ್ಕೆಂದೇ ಕಲಿತುಕೊಂಡಿದ್ದರಂತೆ. ಸಾಯುವ ವಾರವೂ, 'ರೊಟ್ಟಿ ತಿಂದಿದ್ದಾರಲ್ಲ, ಬರ್ತಾರೆ' ಎಂದಿದ್ದರಂತೆ.

ಅಂದೂ ನಾನು ಹೇಳಲಿಲ್ಲ. ಆ ಕಾಫಿ ಕುಡಿದು ಬಂದೆ. ಮತ್ತೆ ಮೂರು ವರ್ಷ — ಥೂ.

ಈ ವರ್ಷ, ಒಂದು ಮಧ್ಯಾಹ್ನ, ಗಿರಾಕಿಗಳು ಕಡಿಮೆ ಇದ್ದ ಹೊತ್ತಿಗೆ ಹೋಗಿ ಎಲ್ಲವನ್ನೂ ಹೇಳಿದೆ. ವಸಂತಿ ಅಳಲಿಲ್ಲ. ಮೇಜಿನ ಮೇಲೆ ಎರಡೂ ಕೈ ಊರಿ ನಿಂತಳು.

"ಆ ಕೈ ನನ್ನ ಅಪ್ಪನದ್ದು ಅಂತ ನಾನು ಹೇಳೂದಿಲ್ಲ. ಸಮುದ್ರದಲ್ಲಿ ಎಷ್ಟು ಹಡಗು ಉಂಟೋ ಏನೋ. ಆದ್ರೆ ಕೇಳುದು ಬೇಡ ಅಂತ ಹೇಳ್ಲಿಕ್ಕೆ ನೀವು ಯಾರು? ಅಮ್ಮ ಗಟ್ಟಿ ಹೆಂಗಸು. ಕೇಳಿ, ಅತ್ತು, ಕುಂಕುಮ ಒರೆಸಿ, ಊಟ ಮಾಡ್ತಿದ್ಳು. ನೀವು ಅವಳನ್ನು ಒಂಬತ್ತು ವರ್ಷ ಬಾಗಿಲಲ್ಲಿ ಕೂರಿಸಿದ್ದು."

"ತಪ್ಪಾತ್ರಿ," ಎಂದೆ.

"ಈಗ ನನಗೆ ಯಾಕೆ ಹೇಳಿದ್ದು? ನಿಮಗೆ ಹಗುರ ಆಗ್ಲಿಕ್ಕಾ?"

ಹೌದು. ಅದಕ್ಕೇ ಹೋಗಿದ್ದೆ. ಹಗುರವೂ ಆಗಲಿಲ್ಲ, ಆಗಬಾರದು ಕೂಡ.

ಎರ್ವಿನ್ ಹೇಳಿದ್ದನ್ನು ಟೇಪಿನಿಂದ ಒಂದಕ್ಷರ ಬಿಡದೆ ಕನ್ನಡಕ್ಕೆ ತಂದು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿದ್ದೇನೆ, ಕೆಳಗೆ ನನ್ನ ಹೆಸರು, ನಾನು ಮಾಡಿದ ಕೆಲಸ. ಮರುಮುದ್ರಣಕ್ಕೆ ಪ್ರಕಾಶಕರು ಒಪ್ಪಲಿಲ್ಲ. ಹಾಗಾಗಿ ರಜೆ ಸಿಕ್ಕಾಗಲೆಲ್ಲ ಊರೂರು ಅಲೆದು, ವಾಚನಾಲಯಗಳಲ್ಲಿ ಆ ಪುಸ್ತಕ ಹುಡುಕಿ, ರೊಟ್ಟಿಯ ಪುಟದ ಮೇಲೆ ಈ ಹಾಳೆ ಅಂಟಿಸುತ್ತಿದ್ದೇನೆ. ಹೋದ ತಿಂಗಳು ಸೋಲಾಪುರದಲ್ಲಿ ಗ್ರಂಥಪಾಲಕರು ನೋಡಿ ಓಡಿಬಂದರು.

"ಏನ್ ಮಾಡಾಕತ್ತೀರಿ? ಅಂಟ ಹಚ್ಚಿ ಪುಸ್ತಕ ಕೆಡಸ್ತೀರೇನು? ಯಾರ್ರಿ ನೀವು?"

"ಬರದಾಂವ ನಾನಽ ರೀ," ಎಂದು ಹೇಳಿ, ಹಾಳೆಯ ಅಂಚನ್ನು ಬೆರಳಿನಿಂದ ಒತ್ತಿದೆ.