ಒಂದು ಗೇಣು ಬರಿ ಗಾಜು

ನನ್ನ ಗಂಡನಿಗೆ ಶಿಗ್ಗಾಂವದ ಹೆದ್ದಾರಿಯ ಪಕ್ಕದಲ್ಲಿ ಕಾರು, ಜೀಪುಗಳ ಸೀಟು ಹೊಲಿಯುವ ಅಂಗಡಿ ಇತ್ತು. ಮುಂದೆ ತಗಡಿನ ಚಪ್ಪರ, ಹಿಂದೆ ಒಂದು ಖೋಲಿ. ಖೋಲಿಯೇ ನಮ್ಮ ಮನೆ. ಹಾನಗಲ್ಲ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದಾಗ ನನಗೆ ಕುಬಸ ಹೊಲಿಯುವುದಷ್ಟೇ ಗೊತ್ತಿತ್ತು. ಒಂದು ವರ್ಷ ಕಳೆಯುವುದರೊಳಗೆ ರೆಕ್ಸಿನ್ನೂ ಹೊಲಿಯುತ್ತಿದ್ದೆ.

ಎಂಬತ್ತರ ದಶಕದ ನಡುವಿನಲ್ಲಿ ಹುಬ್ಬಳ್ಳಿಯಿಂದ ಕಪ್ಪು ಫಿಲ್ಮಿನ ಸುರುಳಿಗಳು ಬರತೊಡಗಿದವು. ಗಾಜಿಗೆ ಅಂಟಿಸಿದರೆ ಒಳಗೆ ಕುಳಿತವರು ಹೊರಗಿನವರಿಗೆ ಕಾಣುವುದಿಲ್ಲ, ಬಿಸಿಲೂ ಕಡಿಮೆ. ಕಾರಿದ್ದವರಿಗೆಲ್ಲ ಅದು ಬೇಕಾಯಿತು. ಅಂಟಿಸುವುದನ್ನು ಗಂಡ ಕಲಿತ. ಗಾಳಿ ಏಳುವ ಮೊದಲು, ಬೆಳಗಿನ ಜಾವವೇ ಅಂಗಳಕ್ಕೆ ನೀರು ಹೊಡೆದು ಧೂಳು ಅಡಗಿಸಿ ಅಂಟಿಸಬೇಕು. ಮೆಣಸಿನಕಾಯಿ ಲಾರಿಯೊಂದು ಜೋರಾಗಿ ಹಾದು ಹೋದರೆ ಮುಗಿಯಿತು, ಫಿಲ್ಮಿನಡಿ ಕಸ ಸೇರಿ ಗಾಜಿನ ತುಂಬ ಬೊಕ್ಕೆ ಎದ್ದಂತೆ ಕಾಣುತ್ತಿತ್ತು.

ಹಳೆಯದನ್ನು ಕೀಳುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಅದಕ್ಕೆ ಬೇಕಾದ ತಾಳ್ಮೆ ತನಗಿಲ್ಲ ಎಂದು ಗಂಡ ಮೊದಲ ದಿನವೇ ಬ್ಲೇಡು ಕೆಳಗಿಟ್ಟು ಮಶೀನಿಗೆ ಹೋಗಿ ಕುಳಿತ. ಕೀಳಲು ನಡು ಮಧ್ಯಾಹ್ನವೇ ಒಳ್ಳೆಯ ಹೊತ್ತು. ಗಾಜು ಕಾದಾಗ ಅಂಟು ಮೆತ್ತಗಾಗುತ್ತದೆ. ಮೂಲೆಯಲ್ಲಿ ಉಗುರು ಹಾಕಿ ಎಬ್ಬಿಸಬೇಕು, ಉಸಿರು ಬಿಗಿ ಹಿಡಿದು ನಿಧಾನ ಎಳೆಯಬೇಕು. ಅವಸರ ಮಾಡಿದರೆ ಫಿಲ್ಮು ಚೂರುಚೂರಾಗಿ ಹರಿದು ಅಂಟು ಗಾಜಿನಲ್ಲೇ ಉಳಿಯುತ್ತದೆ. ಆಮೇಲೆ ಸಾಬೂನು ನೀರು, ಬ್ಲೇಡು, ಕೊನೆಗೆ ಸೀಮೆಎಣ್ಣೆಯ ಬಟ್ಟೆ. ಕಾದ ಕಾರಿನೊಳಗೆ ಮಂಡಿಯೂರಿ ಹಿಂದಿನ ಬಾಗಿದ ಗಾಜನ್ನು ಕೆರೆಯುವಾಗ ನನ್ನ ಬೆವರು ನನ್ನ ಕಣ್ಣಿಗೇ ಇಳಿಯುತ್ತಿತ್ತು. ರಾತ್ರಿ ರೊಟ್ಟಿ ಮುರಿದರೆ ಕೈಯಿಂದ ಸೀಮೆಎಣ್ಣೆ ವಾಸನೆ ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ಪೊಲೀಸರು ಕಪ್ಪು ಗಾಜಿನ ಗಾಡಿಗಳನ್ನು ನಿಲ್ಲಿಸತೊಡಗಿದರು. ಬಂಕಾಪುರದ ಕ್ರಾಸಿನಲ್ಲೂ ನಮ್ಮ ಊರ ಹೊರಗೂ ನಿಂತು, ಕೀಳಿಸಿಕೊಂಡೇ ಮುಂದೆ ಹೋಗಿ ಎನ್ನುತ್ತಿದ್ದರು. ನಮ್ಮ ಚಪ್ಪರದ ಮುಂದೆ ಗಾಡಿಗಳ ಸಾಲು ನಿಂತಿತು. ನಗುನಗುತ್ತಾ ಹಾಕಿಸಿಕೊಂಡವರೇ ಈಗ ಆ ಕಾನೂನು ನಾನು ಮಾಡಿದ್ದೇನೋ ಎಂಬಂತೆ ನನ್ನ ಮೇಲೆ ಸಿಡುಕುತ್ತಿದ್ದರು. ನಾನು ಮುಂದಿನ ಗಾಜಿಗೆ ಬ್ಲೇಡು ಹಾಕುತ್ತಿದ್ದೆ.

ಅಂಥದೇ ಒಂದು ಮಧ್ಯಾಹ್ನ ಸವಣೂರಿನ ಬಿಳಿ ಅಂಬಾಸಿಡರ್ ಬಂತು. ಓಡಿಸುತ್ತಿದ್ದವನು ಅದನ್ನೇ ಬಾಡಿಗೆಗೆ ಬಿಟ್ಟು ಬದುಕುವವ. ಹಿರೇಕೆರೂರ, ರಟ್ಟೀಹಳ್ಳಿ ಎಂದು ಮದುವೆ ಮಂದಿಯನ್ನು ಸಾಗಿಸುತ್ತಿದ್ದ. ಅವನು ಬೈಯಲಿಲ್ಲ. ಇಳಿದವನೇ ಬಾಗಿಲು ಹಿಡಿದು ನಿಂತ.

"ತಗೀರಿ ಅಕ್ಕಾರ," ಎಂದ. "ಎಷ್ಟ ಕೈಮುಗದ್ರೂ ಕೇಳಲಿಲ್ಲರಿ. ನನ್ನ ಹೇಣ್ತಿ ಒಳಗದಾಳ. ಆಕಿಗೆ ಬಿಸಲು ಆಗೂದಿಲ್ಲ."

ಹಿಂದಿನ ಸೀಟಿನಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸು ಕುಳಿತಿದ್ದಳು. ಕೆನ್ನೆ ಮೂಗಿನ ಮೇಲೆ ಸುಟ್ಟಂತಹ ಕೆಂಪು ಕಲೆ. ಬಿಸಿಲು ತಾಗಿದರೆ ಮೈಯೆಲ್ಲ ಗಂದೆ ಏಳುತ್ತದೆ, ಜ್ವರ ಬರುತ್ತದೆ, ಕೀಲುಗಳು ಬಾಯುತ್ತವೆ ಎಂದು ಅವನೇ ಹೇಳಿದ. ಹುಬ್ಬಳ್ಳಿಯ ಡಾಕ್ಟರು ಬಿಸಿಲಿಗೆ ಬರಲೇಬಾರದು ಎಂದಿದ್ದರು. ಅವರನ್ನು ಕಂಡು ಬರಲೆಂದೇ ಅವನು ಕಾರಿಗೆಲ್ಲ ಅತಿ ಕಪ್ಪು ಫಿಲ್ಮು ಹಾಕಿಸಿದ್ದ. ಈಗ ಅಲ್ಲಿಂದ ಮರಳುವ ದಾರಿಯಲ್ಲೇ ಸಿಕ್ಕಿಬಿದ್ದಿದ್ದರು.

ಎರಡು ಟವೆಲ್ಲುಗಳನ್ನು ಅವಳ ತಲೆಯ ಮೇಲೆ ಹಿಡಿದು ಒಳಗೆ ಕರೆತಂದೆವು. ನನ್ನ ಮಶೀನಿನ ಪಕ್ಕ ಕೂರಿಸಿ ನೀರು ಕೊಟ್ಟು ನಾನು ಬ್ಲೇಡು ಹಿಡಿದೆ. ಅವಳಿಗಾಗದ ಬಿಸಿಲೇ ನನ್ನ ಕೆಲಸಕ್ಕೆ ಬೇಕಾಗಿತ್ತು. ಆ ದಿನ ನನಗೆ ಅದು ಸಂಕಟವೆನಿಸಿತು. ಒಂದು ಗಾಜು ಮುಗಿಸಿ ನೆರಳಿಗೆ ಬಂದು ಕೂತಾಗ, "ನನ್ನ ಮ್ಯಾಲೆ ಸಿಟ್ಟಾಗಬ್ಯಾಡವಾ," ಎಂದೆ.

ಅವಳು ನಕ್ಕಳು. "ಸಿಟ್ಟ್ಯಾಕರಿ? ಎರಡ ವರ್ಷಾತು, ಅದರಾಗಿಂದ ನೋಡಿದ್ರ ಹೊಲದಾಗಿನ ಜ್ವಾಳನೂ ಕರ್ರಗ, ನಮ್ಮೂರ ಎಲಿತ್ವಾಟನೂ ಕರ್ರಗ. ಹನ್ನೆರಡ ಗಂಟೇದಾಗನೂ ಸಂಜಿ ಆದಂಗ. ಮನ್ಯಾಗೂ ಕತ್ತಲಿ, ಗಾಡ್ಯಾಗೂ ಕತ್ತಲಿ. ಇವರು ಚಲೋದಕ್ಕ ಮಾಡ್ಯಾರ, ಖರೆ. ಆದ್ರ ನನಗ ಸಾಕಾಗೇತಿ."

ಇದನ್ನು ಗಂಡನಿಗೆ ಹೇಳಿಲ್ಲವೇ ಎಂದು ಕೇಳಿದೆ. "ಆಗಲೇ ಅವರದು ಮುಖಾ ಸಣ್ಣದಾಗೇತಿ. ಇದನ್ನೊಂದು ಎಲ್ಲಿ ಹೇಳ್ಲಿ?" ಎಂದಳು.

ಗಾಜುಗಳೆಲ್ಲ ಸ್ವಚ್ಛವಾದ ಮೇಲೆ ಆ ಕಾರಿನಲ್ಲಿ ಅವಳನ್ನು ಕರೆದೊಯ್ಯುವ ಹಾಗಿರಲಿಲ್ಲ. ಸೂರ್ಯ ಇಳಿಯುವವರೆಗೂ ಇಬ್ಬರೂ ನಮ್ಮಲ್ಲೇ ಉಳಿದರು. ರೊಟ್ಟಿ, ಪುಂಡಿಪಲ್ಯೆ ಇತ್ತು, ನಾಲ್ವರೂ ಉಂಡೆವು. ಸೀಟಿಗೆಂದು ತಂದಿದ್ದ ದಪ್ಪ ಬಟ್ಟೆಯಲ್ಲಿ ನಾನು ಕಾರಿಗೆ ಪರದೆ ಹೊಲಿದೆ. ಅವಳು ಅಂಚು ಮಡಚಿ ಕೊಟ್ಟಳು. ಅವಳ ಬೆರಳ ಗೆಣ್ಣುಗಳು ಬಾತಿದ್ದವು, ಆದರೂ ಮಡಿಕೆ ಸೊಟ್ಟಗಾಗಲಿಲ್ಲ.

ಆ ಪರದೆಗಳಿಂದ ಹೆಚ್ಚು ಅನುಕೂಲವಾಗಲಿಲ್ಲ ಎಂದು ಆಮೇಲೆ ತಿಳಿಯಿತು. ಗಾಳಿಗೆ ಹಾರುತ್ತಿದ್ದವು. ಗಾಜು ಏರಿಸಿದರೆ ಒಳಗೆ ಉಸಿರು ಕಟ್ಟುತ್ತಿತ್ತು. ಎರಡು ಸಲ ಅವಳ ತೋಳಿನ ಮೇಲೆ ಗಂದೆ ಎದ್ದವಂತೆ.

ಮಳೆಗಾಲ ಮುಗಿಯುವಷ್ಟರಲ್ಲಿ ಪೊಲೀಸರ ಬಿರುಸು ಇಳಿಯಿತು. ಯಾರೂ ಗಾಡಿ ತಡೆಯುತ್ತಿರಲಿಲ್ಲ. ಕೀಳಿಸಿಕೊಂಡು ಹೋದವರು ಒಬ್ಬೊಬ್ಬರಾಗಿ ಮತ್ತೆ ಹಾಕಿಸಲು ಬಂದರು. ನಾನೇ ಕೆರೆದು ಕೆರೆದು ತಿಳಿ ಮಾಡಿದ ಗಾಜುಗಳು ನನ್ನ ಕಣ್ಣೆದುರೇ ಮತ್ತೆ ಕಪ್ಪಾಗುತ್ತಿದ್ದವು. ಆ ದಿನಗಳಲ್ಲಿ ಗಂಡ ಸೊಂಟ ಹಿಡಿದು ಮಲಗಿದ್ದ. ಅಂಟಿಸುವುದೂ ನನ್ನ ತಲೆಗೇ ಬಂತು. ಯಾಕೆ, ಏನು ಎಂದು ಯೋಚಿಸುವುದನ್ನೇ ಬಿಟ್ಟು ಕೈ ಆಡಿಸುತ್ತಿದ್ದೆ.

ಸವಣೂರಿನವರು ಹೊತ್ತು ಮೂಡುವ ಮುಂಚೆಯೇ ಬಂದರು. ಹಿಂದಿನ ಗಾಜು, ಬಲಗಡೆಯ ಗಾಜು ಮುಗಿಸಿದೆ. ಎಡಗಡೆಯ ಹಿಂದಿನ ಕಿಟಕಿಗೆ ಫಿಲ್ಮು ಕತ್ತರಿಸಿ, ಸಾಬೂನು ನೀರು ಸುರಿದು ಇನ್ನೇನು ಮೇಲಿಂದ ಕೂರಿಸಬೇಕು, ಅವಳು ನನ್ನ ಪಕ್ಕ ಬಂದು ನಿಂತಳು.

"ಅಕ್ಕಾರ, ಕೆಳಗ ಒಂದ್ ಗೇಣ ಹಂಗ ಬಿಡ್ರಿ."

ಅವಳ ಗಂಡ ಕೇಳಿಸಿಕೊಂಡ. "ಏನಂದಿ? ಹುಚ್ಚ ಹಿಡದೈತೇನ ನಿನಗ? ಪೂರಾ ಹಾಕ್ರಿ ಅಕ್ಕಾರ."

"ಒಂದ ಗೇಣ ಅಷ್ಟ," ಎಂದಳು ಅವಳು.

"ಗೇಣ ಬ್ಯಾಡ, ಬೆರಳನೂ ಬ್ಯಾಡ. ಜ್ವರ ಬಂದ್ರ ನರಳಾಕಿ ಯಾರು?"

"ನಾನ ನರಳಾಕಿ. ಅದಕ್ಕ ನಾನ ಹೇಳಾಕತ್ತೇನಿ." ಅವಳ ದನಿ ಏರಿತು. "ನೀವು ದಿನಾ ಗಾಡಿ ಹೊಡೀತೀರಿ, ಬಿಸಲು ಯಾವ ಕಡೆ ಬರತೈತಿ ಅಂತ ನೋಡೀರೇನು? ಮುಂಜಾನೆ ಹುಬ್ಬಳ್ಳಿಗೆ ಹೋಗೂಮುಂದ ಬಿಸಲು ನಿಮ್ಮ ಕಡೆ ಇರತೈತಿ. ಹೊತ್ತು ವಾಲಿದ ಮ್ಯಾಲೆ ಹೊಳ್ಳಿ ಬರೂಮುಂದನೂ ನಿಮ್ಮ ಕಡೆನ. ಈ ಕಡೆ ನೆರಳ. ಎರಡ ವರ್ಷ ಇದ ಸೀಟಿನ್ಯಾಗ ಕುಂತೇನಿ, ಮತ್ತೇನ ಕೆಲಸಿತ್ತ ನನಗ?"

ಅವನು ರಸ್ತೆಯ ಕಡೆ ನೋಡಿದ, ಅವಳನ್ನು ನೋಡಿದ. ನನ್ನ ಕೈಯಲ್ಲಿ ಫಿಲ್ಮಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಣಗಿದರೆ ಕೆಡುತ್ತದೆ. ನನಗೂ ಹೆದರಿಕೆ ಇತ್ತು. ನಾಳೆ ಅವಳಿಗೆ ಹೆಚ್ಚುಕಡಿಮೆಯಾದರೆ ನಾನು ಯಾವ ಮುಖ ಇಟ್ಟುಕೊಳ್ಳಲಿ? ಆದರೆ ಅವಳ ದನಿ ಅಷ್ಟು ಗಟ್ಟಿಯಾಗಿದ್ದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ಒಳಗೆ ಮಲಗಿದ್ದ ನನ್ನ ಗಂಡ, "ಏನರ ಒಂದ ಮಾಡ, ಗಾಳಿ ಎದ್ದೀತು," ಎಂದು ಕೂಗಿದ.

"ನೀ ನನ್ನ ಮಾತ ಯಾವಾಗ ಕೇಳೀದಿ," ಎಂದು ಹೆಂಡತಿಗೆ ಗೊಣಗಿ ಸವಣೂರಿನವನು ಚಹಾದಂಗಡಿಗೆ ನಡೆದ. ಬೇಡ ಎಂದು ಮಾತ್ರ ಮತ್ತೆ ಹೇಳಲಿಲ್ಲ. ಅವಳು ಗಾಜಿನ ಮೇಲೆ ಗೇಣು ಇಟ್ಟು ತೋರಿಸಿದಳು. ನಾನು ಅಲ್ಲಿಗೇ ಬ್ಲೇಡು ಎಳೆದೆ. ಬಿಸಿಲು ಬಿದ್ದರೆ ಮುಚ್ಚಿಕೊಳ್ಳಲೆಂದು ಉಳಿದ ಬಟ್ಟೆಯಲ್ಲಿ ಸಣ್ಣದೊಂದು ಪಟ್ಟಿ ಹೊಲಿದು ಕೊಟ್ಟೆ.

ಮುಂದಿನ ತಿಂಗಳು ಆಸ್ಪತ್ರೆಯಿಂದ ಹಿಂದಿರುಗುವಾಗ ಕಾರು ನಮ್ಮ ಮುಂದೆ ನಿಂತಿತು. ನಾನು ಹೊಲಿಗೆ ಬಿಟ್ಟು ಎದ್ದು ಬಂದೆ. ಅವನು ಇಳಿದು ಸವಣೂರಿನ ವೀಳ್ಯದೆಲೆಯ ಕಟ್ಟೊಂದನ್ನು ನನ್ನ ಕೈಗಿಟ್ಟ. "ಏನೂ ಆಗಿಲ್ಲರಿ," ಎಂದ. "ದಾರಿತುಂಬ ಮಾತಾಡಿದ್ಲು. ಅಲ್ಲಿ ಅಲಸಂದಿ ಹಾಕ್ಯಾರ, ಅಲ್ಲಿ ಬಾಂವಿ ತೋಡಾಕತ್ತಾರ ಅಂತ. ಮದ್ಲ ನಿದ್ದಿ ಮಾಡತಿದ್ಲು. ನಾನೂ ಮಾತಾಡತಿರಲಿಲ್ಲ."

ಅವಳ ಕಾಯಿಲೆ ವಾಸಿಯಾಗಲಿಲ್ಲ. ಗುಳಿಗೆಗಳಿಂದ ಮುಖ ದುಂಡಗಾಯಿತು, ಕೂದಲು ತೆಳುವಾಯಿತು, ಆದರೆ ಜ್ವರ ಅಪರೂಪವಾಯಿತು. ವರ್ಷಗಳು ಕಳೆದಂತೆ ಹುಬ್ಬಳ್ಳಿಗೆ ಹೋಗುವುದೂ ಕಡಿಮೆಯಾಯಿತು. ಗಾಡಿ ಓಡಿಸಿ ಅವನ ಮಂಡಿ ಸೋತಿತ್ತು. ಕೊನೆಗೆ ಕಾರನ್ನು ಹಿರೇಕೆರೂರಿನ ಕಡೆಯವರೊಬ್ಬರಿಗೆ ಮಾರಿದ. ಕೊಂಡವರಿಗೆ ಗಾಜು ಬರಿದಾಗಿಯೇ ಬೇಕಿತ್ತು.

ಸವಣೂರಿನ ಗಂಡ ಹೆಂಡತಿ ಅದನ್ನು ಕೀಳಿಸಲು ಬಂದಾಗ ಸಂಜೆಯಾಗಿತ್ತು. ಫಿಲ್ಮು ನೇರಳೆ ಬಣ್ಣಕ್ಕೆ ತಿರುಗಿ ಗುಳ್ಳೆಗುಳ್ಳೆಯಾಗಿತ್ತು. ಬಿಸಿಲಿಲ್ಲದೆ ಅದು ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ದಿನ ನನಗೆ ನಿಲ್ಲುವ ಶಕ್ತಿಯೂ ಇರಲಿಲ್ಲ. "ನಾಳೆ ಬರ್ರಿ," ಎಂದೆ. ನಾಳೆ ಬೆಳಿಗ್ಗೆಯೇ ಕಾರು ಒಪ್ಪಿಸಬೇಕು ಎಂದರು. ನೀರು ಕಾಯಿಸಿ ಟವೆಲ್ಲು ಅದ್ದಿ ಗಾಜಿಗೆ ಹಾಕಿ ಮೂವರೂ ಕೆರೆದೆವು. ಎಡಗಡೆಯ ಕಿಟಕಿಯನ್ನು ಯಾರಿಗೂ ಕೊಡದೆ ಅವಳೇ ಕೆರೆದಳು. ನಡುವೆ ಸುಸ್ತಾಗಿ ಬಾಗಿಲಿಗೆ ಒರಗಿ ನಿಲ್ಲುವಳು, ಮತ್ತೆ ಶುರು ಮಾಡುವಳು. ಅವಳ ಗಂಡ ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದ.

ಮುಗಿದಾಗ ಪೂರ್ತಿ ಕತ್ತಲಾಗಿತ್ತು. ಗಾಜು ಎಷ್ಟು ತಿಳಿಯಾಗಿದೆ ಎಂದು ನೋಡಲೂ ಬೆಳಕಿರಲಿಲ್ಲ. ಅಂಗೈಯಿಂದ ಸವರಿ, ಅಂಟು ಹೋಗಿದೆ ಎಂದುಕೊಂಡೆವು. ಚಪ್ಪರದ ಕೆಳಗೆ ಸಾಲಾಗಿ ಕುಳಿತು ಚಹಾ ಕುಡಿದೆವು. ಅವಳು ಚಪ್ಪಲಿ ಕಳಚಿ ಕಾಲು ಚಾಚಿ, ಕಣ್ಣು ಮುಚ್ಚಿ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನಾನೂ ಹಾಗೇ ಕಾಲು ಚಾಚಿದೆ.