ನನ್ನ ಮಡುವಿನ ಎರಡು ಸುಳ್ಳು ನೀರುನಾಯಿಗಳು

ಸುಳ್ಳು ಹೇಳುವವರ ಮೇಲೆ ನನಗೆ ಅಷ್ಟಾಗಿ ಸಿಟ್ಟು ಬರುವುದಿಲ್ಲ. ನನ್ನ ಮೇಲೆ ಕನಿಕರಪಟ್ಟು ಸುಳ್ಳು ಹೇಳುವವರ ಮೇಲೆ ಬರುತ್ತದೆ, ಇನ್ನೂ ಇಳಿದಿಲ್ಲ.

ಬೇಸಿಗೆ ಮುಗಿಯುತ್ತ ಬಂದು, ಇನ್ನೇನು ಮಳೆ ಹಿಡಿಯಬೇಕು ಅನ್ನುವ ಹೊತ್ತಿಗೆ, ಕಂಪ್ಲಿ ಹತ್ತಿರ ಹೊಳೆ ಬಂಡೆಗಳ ನಡುವಿನ ಮಡುಗಳಷ್ಟೇ ಆಗಿ ಉಳಿಯುತ್ತದೆ. ಮೀನೆಲ್ಲ ಆ ಮಡುಗಳಿಗೆ ಸೇರುತ್ತವೆ. ಮೀನಿನ ಹಿಂದೆ ನೀರುನಾಯಿ. ನೋಡುವುದಕ್ಕೆ ಅದೇ ಬೆಸ್ಟ್ ಸೀಸನ್. ಹೊಸಪೇಟೆಯಿಂದ ನಾನು, ಸಂಡೂರಿನ ಮೈನ್ಸ್ ಆಫೀಸಿನವರೊಬ್ಬರು, ಕೆಲವು ಟೀಚರುಗಳು, ಹೀಗೆ ಒಂದಿಷ್ಟು ವಾಲಂಟಿಯರುಗಳು ಹೊಳೆಯನ್ನು ತುಂಡು ತುಂಡಾಗಿ ಹಂಚಿಕೊಂಡು, ಬೆಳಕು ಹರಿದಾಗಿನಿಂದ ಬಿಸಿಲೇರುವತನಕ ಕೂತು, ಕಂಡದ್ದನ್ನು ಬರೆಯುತ್ತೇವೆ. ಕಾಣದಿದ್ದರೆ ‘ಇಲ್ಲ’ ಎಂದು ಬರೆಯಬೇಕು. ಈ ರೂಲ್ ನಾನೇ ಹಟ ಹಿಡಿದು ಹಾಕಿಸಿದ್ದು. ಎಲ್ಲರೂ ಕಾಣುವ ಕಡೆಗೇ ಓಡಿದರೆ, ಎಲ್ಲಿಂದ ಅವು ಹೋದವು ಎಂದು ಯಾರಿಗೆ ತಿಳಿಯಬೇಕು?

ಹೋದ ವರ್ಷ ನನ್ನ ಮಡುವಿನಲ್ಲಿ ಒಂದು ಸಂಸಾರವೇ ಇತ್ತು. ತಾಯಿ ಮೀನು ತಂದು ಬಂಡೆಯ ಮೇಲೆ ಹಾಕುವಳು. ಮರಿಗಳು ಕಿತ್ತಾಡಿದರೆ ನೋಡಿಯೂ ನೋಡದವಳಂತೆ ಮರಳಲ್ಲಿ ಹೊರಳಿ ಮೈ ಒರೆಸಿಕೊಳ್ಳುವಳು. ಥೇಟ್ ನಮ್ಮತ್ತೆ! ಬೈನಾಕ್ಯುಲರ್ ಇಳಿಸಲು ಮನಸ್ಸು ಬರುತ್ತಿರಲಿಲ್ಲ.

ಈ ವರ್ಷ ಬಂಡೆ ಬೋಳು. ಯಾರೋ ಮಡುವಿಗೆ ಸಿಡಿಮದ್ದಿನ ತೋಟಾ ಎಸೆದು ಮೀನು ಹಿಡಿಯಲು ಶುರುಮಾಡಿದ್ದರು. ಢಂ ಎಂದರೆ ಸಾಕು, ಬೆರಳುದ್ದದ ಮೀನೂ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ದೊಡ್ಡವನ್ನು ಆರಿಸಿಕೊಂಡು ಹೋಗುತ್ತಾರೆ, ಉಳಿದದ್ದು ನಾರುತ್ತದೆ. ನಾನು ದಿನವೂ ‘ಇಲ್ಲ’ ಬರೆದೆ.

ಕೊನೆಯ ದಿನ ಮೊಣಕಾಲು ಊದಿ ಬಂಡೆ ಇಳಿಯಲಾಗಲಿಲ್ಲ. ನನ್ನ ಜೊತೆ ಕೂರುತ್ತಿದ್ದ ಕಂಪ್ಲಿಯ ಟೀಚರಮ್ಮ ಒಬ್ಬಳೇ ಹೋದಳು. ಮಧ್ಯಾಹ್ನ ಅವಳ ಫೋನು: “ಅಮ್ಮಾ, ಎರಡು ಕಂಡ್ವುರೀ!” ನಾನು ಹುಚ್ಚಿಯಂತೆ ಅಡುಗೆಮನೆಗೆ ಹೋಗಿ ಶಾವಿಗೆ ಪಾಯಸಕ್ಕೆ ಹಾಲಿಟ್ಟೆ.

ಮರುದಿನ ಡಬ್ಬಿಯಲ್ಲಿ ಪಾಯಸ ಹಿಡಿದು, ಕಂಪ್ಲಿಯಲ್ಲಿ ಬಸ್ಸಿಳಿದು ಆಟೋದಲ್ಲಿ ಅವಳ ಮನೆಗೆ ಹೋದೆ. ಯಾವ ಬಂಡೆ, ತಾಯಿಯಾ ಮರಿಯಾ, ಸೀಟಿ ಹಾಕಿದ ಹಾಗೆ ಕೂಗಿತಾ ಅಂತ ಒಂದೇ ಸಮ ಕೇಳಿದೆ. ಅವಳ ಮುಖ ಕಪ್ಪಿಟ್ಟಿತು.

“ನೀವು ದಿನಾ ಮಾರಿ ಸಪ್ಪಗ ಮಾಡ್ಕೊಂಡು ಕುಂದ್ರೋದು ನೋಡಾಕಾಗಲಿಲ್ರೀ ಅಮ್ಮಾ. ಎರಡೇ ಎರಡು ಬರದೆ.”

“ಎರಡೇ ಎರಡಾ? ನಾಕು ಮರೀನೂ ಬರೀಬೇಕಿತ್ತು. ತೊಟ್ಟಿಲಿಗೆ ಹಾಕೋ ದಿನ ಬಂದು ಹೋಗ್ತಿದ್ದೆ!”

ಕಾನ್ವೆಂಟಿನಲ್ಲಿ, ಒಳ್ಳೆಯದಕ್ಕೆಂದು ಹೇಳುವ ವೈಟ್ ಲೈಗೆ ಪಾಪ ಕಡಿಮೆಯೋ, ಬೇರೆ ಸುಳ್ಳಿನಷ್ಟೇಯೋ ಎಂದು ನಾವು ಹುಡುಗಿಯರು ಸಿಸ್ಟರ್ ಜೊತೆ ವಾದ ಮಾಡುತ್ತಿದ್ದೆವು. ಕಡಿಮೆ ಎನ್ನುವ ಪಾರ್ಟಿ ನಾನು. ಅವತ್ತು ಪಾರ್ಟಿ ಬಿಟ್ಟೆ. ಅತ್ತ ಮಗುವಿಗೆ ಪೆಪ್ಪರ್‌ಮಿಂಟು ಕೊಟ್ಟ ಹಾಗೆ ನನಗೆ ನೀರುನಾಯಿ ಕೊಟ್ಟಿದ್ದಳು. ಅದನ್ನು ಚೀಪುತ್ತ ನಾನು ಖುಷಿಪಟ್ಟಿದ್ದೆ. ಅದೇ ಹೆಚ್ಚು ಉರಿಯಿತು.

ಅವಳ ಮನೆಯಿಂದಲೇ ನಮ್ಮ ಗುಂಪಿನ ಲೀಡರಿಗೆ ಫೋನು ಮಾಡಿ, ಆ ಎರಡನ್ನು ಹೊಡೆದುಹಾಕಿ ಸೊನ್ನೆ ಮಾಡಿ ಎಂದೆ. ಮರುದಿನವೇ ತೋಟಾ ವಿಷಯಕ್ಕೆ ಊರವರನ್ನೂ ಫಾರೆಸ್ಟ್ ಆಫೀಸರನ್ನೂ ಕೂರಿಸಿ ಮೀಟಿಂಗ್ ಇತ್ತು. ನಮ್ಮ ಲೆಕ್ಕ ಅಲ್ಲಿ ಹೇಳಬೇಕಿತ್ತು.

“ಎರಡು ಇದ್ರ ಇರ್ಲಿ ಬಿಡ್ರಿ ಮೇಡಂ,” ಎಂದರು ಆತ. “ಸೊನ್ನಿ ಅಂದ್ರ, ಇಲ್ಲದ ಪ್ರಾಣಿಗೆ ಕಾವಲು ಯಾಕ ಅಂತಾರ.”

“ಎರಡು ಅಂದ್ರ, ಆರಾಮ ಅದಾವಲ್ಲ, ತೋಟಾದಿಂದ ಏನಾತು ಅಂತಾರ. ಅದು ಬೇಕಾ ನಿಮಗ?”

“ಭಾಳ ಸ್ಟ್ರಿಕ್ಟ್ ರೀ ನೀವು,” ಎಂದರು ಆತ. ಕಾಂಪ್ಲಿಮೆಂಟಲ್ಲ ಅದು.

ಮೀಟಿಂಗಿನಲ್ಲಿ ಎದ್ದು ನಿಂತು ನಾನೇ ಹೇಳಿದೆ: ನನ್ನ ಮಡುವಿನಲ್ಲಿ ಒಂದೂ ಇಲ್ಲ. ಹಿಂದಿನ ಬೆಂಚಿನಿಂದ ಯಾರೋ, “ಅಜ್ಜಿ ಚಾಳೀಸು ಬದಲಿಸ್ಬೇಕು!” ಅಂದ. ನಗು ಎದ್ದಿತು. ಆಫೀಸರೂ ಮುಗುಳ್ನಕ್ಕು, “ಅಮ್ಮಾ, ಎರಡು ಅಂತ ನನ್ನ ಹತ್ರ ಬಂದಿದೆಯಲ್ಲ?” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಟೀಚರಮ್ಮ ಎದ್ದಳು. ಅವಳ ಶಾಲೆಯ ಮಕ್ಕಳ ಅಪ್ಪಂದಿರೇ ಮೀಟಿಂಗ್ ಹಾಲ್‌ನ ಅರ್ಧ ತುಂಬಿ ಕೂತಿದ್ದರು.

“ಅವು ಸುಳ್ಳುರೀ ಸರ್. ನಾನು ಬರೆದಿದ್ದು. ಕಂಡಿಲ್ಲ. ಸತ್ತ ಮೀನು ಕಂಡ್ವು, ಅವನ್ನ ಬರೀಲಿಲ್ಲ.”

ನಗು ನಿಂತಿತು. ಆಫೀಸರು ಸೊನ್ನೆಯನ್ನು ಬರೆದುಕೊಂಡರು. ತೋಟಾ ನಿಲ್ಲಿಸುತ್ತೇವೆಂದು ಯಾರೂ ಹೇಳಲಿಲ್ಲ. ‘ನೋಡೋಣ’ ಎಂದರು. ಆ ನೋಡೋಣ ನನಗೆ ಗೊತ್ತು. ನಾವು ಬಂಡೆಯ ಮೇಲೆ ಕೂತು ನೋಡುವ ಹಾಗೆ ಅಲ್ಲ ಅದು.

ಹೊರಗೆ ಬಂದಾಗ ಟೀಚರಮ್ಮ ಸ್ಕೂಟಿ ತಂದು ನಿಲ್ಲಿಸಿದಳು. “ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ, ಕುಂದ್ರಿ ಅಮ್ಮಾ.” ನಾನು ಅವಳೊಂದಿಗೆ ಮಾತು ಬಿಟ್ಟಿದ್ದೆ. ಆದರೂ ಹತ್ತಿ ಕೂತೆ. ರಸ್ತೆಯ ಗುಂಡಿಗಳಿಗೆ ಅವಳ ಹೆಗಲು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು.